ಸೋಪು ಹಚ್ಚಿಕೊಳ್ಳಲು ಅಮ್ಮನ ದನಿ ಯಾಕೆ ಬೇಕು? ಆಟಿಸಂ ಇರುವ ಮಕ್ಕಳಿಗೆ ದಿನನಿತ್ಯದ ಕೆಲಸ ಕಲಿಸುವ ಬಗೆ

ಮಗು ಬಚ್ಚಲಲ್ಲಿ ನಿಂತಿರುತ್ತದೆ. ‘ನೀರು ಹಾಕ್ಕೋ’ ಅಂದರೆ ಹಾಕಿಕೊಳ್ಳುತ್ತದೆ, ‘ಸೋಪು ಹಚ್ಕೋ’ ಅಂದರೆ ಹಚ್ಚಿಕೊಳ್ಳುತ್ತದೆ. ಹೇಳುವವರು ಸುಮ್ಮನಾದರೆ ಅದೂ ಮಗ್ ಹಿಡಿದು ಸುಮ್ಮನೆ ನಿಂತುಬಿಡುತ್ತದೆ. ‘ಎಲ್ಲಾ ಗೊತ್ತು ಇವನಿಗೆ, ಸೋಮಾರಿತನ ಅಷ್ಟೇ’ ಎಂದು ಅಜ್ಜಿ ಅನ್ನುತ್ತಾರೆ. ‘ಪಾಪ, ಏನೂ ತಿಳಿಯಲ್ಲ’ ಎಂದು ನೆಂಟರು ಅನ್ನುತ್ತಾರೆ. ಎರಡೂ ತಪ್ಪು. ಮಗು ಸ್ನಾನ ಮಾಡುವುದನ್ನು ಕಲಿತಿದೆ, ಆದರೆ ಅಮ್ಮನ ದನಿಯನ್ನೂ ಸೇರಿಸಿಕೊಂಡು ಕಲಿತಿದೆ. ಅದರ ಪಾಲಿಗೆ ನೀರು ಹುಯ್ದುಕೊಳ್ಳುವುದು ಮೊದಲ ಹೆಜ್ಜೆ, ಅಮ್ಮ ‘ಸೋಪು’ ಅನ್ನುವುದು ಎರಡನೆಯದು, ಸೋಪು ಹಚ್ಚುವುದು ಮೂರನೆಯದು. ಎರಡನೆಯದು ಬಾರದೆ ಮೂರನೆಯದು ಹೇಗೆ ಬಂದೀತು?

ಥೆರಪಿಸ್ಟುಗಳು ಇದಕ್ಕೆ ಪ್ರಾಂಪ್ಟ್ ಅವಲಂಬನೆ, ಅಂದರೆ ಇನ್ನೊಬ್ಬರ ಸುಳಿವಿಗೆ ಜೋತುಬೀಳುವುದು, ಅನ್ನುತ್ತಾರೆ. ಹಲ್ಲುಜ್ಜುವುದು, ಸ್ನಾನ, ಶೌಚ, ಬಟ್ಟೆ, ಊಟ ಇವನ್ನು ಕಲಿಸುವಾಗ ಮನೆಯವರು ಹೆಚ್ಚಾಗಿ ಎಡವುವುದು ಇಲ್ಲೇ. ಸಹಾಯ ಮಾಡಲು ಎಲ್ಲರಿಗೂ ಬರುತ್ತದೆ. ಮಾಡಿದ ಸಹಾಯವನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ಲೆಕ್ಕಾಚಾರ ಬೇಕು. ಕೆಳಗೆ ಹೇಳುವುದರಲ್ಲಿ ಬಹುಪಾಲು ಆ ಲೆಕ್ಕಾಚಾರವೇ.

ನೋಡಿ ಕಲಿಯುವುದಿಲ್ಲ ಯಾಕೆ

ಬಹಳಷ್ಟು ಮಕ್ಕಳು ಅಕ್ಕನನ್ನೋ ಅಪ್ಪನನ್ನೋ ನೋಡಿ ಅರ್ಧ ಕೆಲಸ ತಾವಾಗಿ ಕಲಿಯುತ್ತಾರೆ. ಆಟಿಸಂ ಇರುವ ಮಗುವಿಗೆ ಅನುಕರಣೆ ಅಷ್ಟು ಸಲೀಸಲ್ಲ. ಅಪ್ಪ ಹಲ್ಲುಜ್ಜುವಾಗ ಅದರ ಕಣ್ಣು ಬ್ರಶ್ಶಿನ ಮೇಲಿರದೆ ನಲ್ಲಿಯಿಂದ ಬೀಳುವ ನೀರಿನ ಮೇಲಿರಬಹುದು. ಒಂದಾದ ಮೇಲೊಂದು ಏನು ಮಾಡಬೇಕು ಎಂಬ ಕ್ರಮ ತಲೆಯಲ್ಲಿ ನಿಲ್ಲದಿರಬಹುದು. ಕ್ರಮ ಗೊತ್ತಿದ್ದರೂ ಬೆರಳು, ಮಣಿಕಟ್ಟು ಹೇಳಿದ ಮಾತು ಕೇಳದಿರಬಹುದು.

ಇವಕ್ಕೆಲ್ಲ ಮಿಗಿಲಾಗಿ ಇಂದ್ರಿಯಗಳ ವಿಷಯವಿದೆ. ಪೇಸ್ಟಿನ ಪುದೀನ ರುಚಿ ಕೆಲವು ಮಕ್ಕಳಿಗೆ ಖಾರದಂತೆ ಉರಿಯುತ್ತದೆ. ಶವರಿನ ನೀರು ಚುಚ್ಚಿದಂತಾಗುತ್ತದೆ. ಫ್ಲಶ್ ಸದ್ದು ಎದೆ ನಡುಗಿಸುತ್ತದೆ. ಇನ್ನು ಕೆಲವರಲ್ಲಿ ಇದು ತಿರುಗುಮುರುಗು. ನೀರು ಸುಡುತ್ತಿದ್ದರೂ, ಚಡ್ಡಿ ಒದ್ದೆಯಾಗಿದ್ದರೂ ಅವರಿಗೆ ಅದು ತಡವಾಗಿ ತಿಳಿಯುತ್ತದೆ, ಇಲ್ಲವೇ ತಿಳಿಯುವುದೇ ಇಲ್ಲ. ಮೂತ್ರಕೋಶ ತುಂಬಿದೆ, ಹಸಿವಾಗಿದೆ ಎಂಬ ಒಳಗಿನ ಸುಳಿವುಗಳೂ ಹಾಗೆಯೇ.

ಆದ್ದರಿಂದ ಯಾವುದೇ ಕೆಲಸಕ್ಕೆ ಮಗು ‘ಬೇಡ’ ಅಂದಾಗ ಅದಕ್ಕೆ ಬರುವುದಿಲ್ಲವೋ ಅಥವಾ ನೋಯುತ್ತಿದೆಯೋ ಎಂದು ಮೊದಲು ನೋಡಬೇಕು. ಬಾರದ್ದನ್ನು ಕಲಿಸಬಹುದು. ನೋಯುವುದನ್ನು ಕಲಿಸಿ ಪ್ರಯೋಜನವಿಲ್ಲ, ಮೊದಲು ಆ ನೋವನ್ನು ತೆಗೆಯಬೇಕು.

ಕೆಲಸವನ್ನು ಒಡೆಯುವುದು

‘ಕೈ ತೊಳ್ಕೊಂಡು ಬಾ’ ಎಂಬುದು ನಮಗೆ ಒಂದು ಕೆಲಸ. ನಿಧಾನವಾಗಿ, ಪ್ರತಿ ಚಲನೆಯನ್ನೂ ಬರೆದುಕೊಳ್ಳುತ್ತಾ ನೀವೇ ಮಾಡಿ ನೋಡಿದರೆ ಅದು ಹತ್ತು ಕೆಲಸವಾಗಿ ಬಿಚ್ಚಿಕೊಳ್ಳುತ್ತದೆ: ತೋಳು ಮೇಲೇರಿಸು, ನಲ್ಲಿ ತಿರುಗಿಸು, ಎರಡೂ ಕೈ ಒದ್ದೆ ಮಾಡು, ಸೋಪು ತೆಗೆದುಕೋ, ಅಂಗೈ ಉಜ್ಜು, ಕೈ ಹಿಂಭಾಗ ಉಜ್ಜು, ಸೋಪು ಇಡು, ನೊರೆ ಹೋಗುವತನಕ ತೊಳೆ, ನಲ್ಲಿ ನಿಲ್ಲಿಸು, ಟವೆಲಿಗೆ ಒರೆಸು. ಇಂಥ ಪಟ್ಟಿಯನ್ನು ಪುಸ್ತಕ ನೋಡಿ ಬರೆಯಬೇಡಿ, ನಿಮ್ಮ ಮನೆಯ ನಲ್ಲಿ ನೋಡಿ ಬರೆಯಿರಿ. ತಿರುಗಿಸುವ ನಲ್ಲಿ, ಎತ್ತುವ ನಲ್ಲಿ, ಒತ್ತುವ ನಲ್ಲಿ ಮೂರಕ್ಕೂ ಬೇರೆ ಬೇರೆ ಚಲನೆ ಬೇಕು. ಮಗುವಿಗೆ ಅವು ಮೂರು ಬೇರೆ ಬೇರೆ ಕೆಲಸಗಳು.

ಎಷ್ಟು ಸಣ್ಣದಾಗಿ ಒಡೆಯಬೇಕು ಎಂಬುದಕ್ಕೆ ಮಗುವೇ ಅಳತೆ. ಪಟ್ಟಿ ಹಿಡಿದುಕೊಂಡು, ಏನೂ ಹೇಳದೆ, ಒಮ್ಮೆ ಅದರಷ್ಟಕ್ಕೆ ಮಾಡಲು ಬಿಡಿ. ತಾನಾಗಿ ಮಾಡಿದ ಹೆಜ್ಜೆಗೆ ಟಿಕ್, ನಿಂತ ಹೆಜ್ಜೆಗೆ ಗೀಟು. ಎರಡು ಮೂರು ದಿನ ಹೀಗೆ ನೋಡಿದರೆ ಮಗು ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ಗೊತ್ತಾಗುತ್ತದೆ. ‘ಏನೂ ಬರಲ್ಲ’ ಅಂದುಕೊಂಡಿದ್ದ ಮಗುವಿಗೆ ಹತ್ತರಲ್ಲಿ ಆರು ಬರುತ್ತಿರುವುದು ಅಪರೂಪವೇನಲ್ಲ. ಸಿಕ್ಕಿಕೊಂಡ ಹೆಜ್ಜೆಯನ್ನು ಮಾತ್ರ ಇನ್ನಷ್ಟು ಒಡೆಯಿರಿ. ಬರುವುದನ್ನು ಮತ್ತೆ ಕಲಿಸುವ ಗೋಜು ಬೇಡ.

ಕೊನೆಯಿಂದ ಶುರು ಮಾಡಿ

ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸಲು ಎಲ್ಲರೂ ಮೊದಲ ಹೆಜ್ಜೆಯಿಂದಲೇ ಹೊರಡುತ್ತಾರೆ: ಚಡ್ಡಿ ಹಿಡಿ, ಮುಂಭಾಗ ಹುಡುಕು, ಕಾಲು ತೂರಿಸು. ಅತಿ ಕಷ್ಟದ ಭಾಗ ಮೊದಲೇ ಬರುತ್ತದೆ, ಮಗು ಅಲ್ಲೇ ಸೋಲುತ್ತದೆ, ಉಳಿದದ್ದನ್ನು ದೊಡ್ಡವರು ಮುಗಿಸುತ್ತಾರೆ. ಮಗುವಿಗೆ ದಿನಾ ಸಿಗುವುದು ಸೋಲು ಮಾತ್ರ.

ಇದನ್ನು ತಲೆಕೆಳಗು ಮಾಡಿ. ಚಡ್ಡಿಯನ್ನು ನೀವೇ ಸೊಂಟದ ಹತ್ತಿರದವರೆಗೆ ಏರಿಸಿ, ಕೊನೆಯ ನಾಲ್ಕು ಬೆರಳಿನಷ್ಟನ್ನು ಮಗುವಿಗೆ ಬಿಡಿ. ಅದರ ಎರಡೂ ಹೆಬ್ಬೆರಳನ್ನು ಎಲಾಸ್ಟಿಕ್ಕಿನೊಳಗೆ ತೂರಿಸಿ, ಎಳೆದುಕೊಳ್ಳಲಿ. ಕೆಲಸ ಮುಗಿಸಿದ್ದು ಮಗು, ಹೊಗಳಿಕೆ ಮಗುವಿಗೆ. ಮೂರು ದಿನ ಸತತವಾಗಿ ತಾನಾಗಿ ಎಳೆದುಕೊಂಡರೆ ತೊಡೆಯ ಮಧ್ಯದಿಂದ ಬಿಡಿ. ಆಮೇಲೆ ಮೊಣಕಾಲಿನಿಂದ, ಆಮೇಲೆ ಪಾದದ ಗಿಣ್ಣಿನಿಂದ. ಕಾಲು ತೂರಿಸುವುದು, ಮುಂಭಾಗ ಗುರುತಿಸುವುದು ಕೊನೆಗೆ ಬರುತ್ತವೆ. ಅಷ್ಟರಲ್ಲಿ ಮುಂದಿನದೆಲ್ಲ ಪಕ್ಕಾ ಆಗಿರುವುದರಿಂದ ಕಷ್ಟದ ಹೆಜ್ಜೆ ಒಂದೇ ಉಳಿದಿರುತ್ತದೆ.

ಟಿ-ಶರ್ಟಿಗೂ ಇದೇ ಕ್ರಮ. ತಲೆ, ಎರಡು ತೋಳು ನೀವು ತೂರಿಸಿ, ಹೊಟ್ಟೆಯ ಮೇಲೆ ಕೆಳಗೆಳೆಯುವುದು ಮಗು. ಊಟದ ತಟ್ಟೆ ಸಿಂಕಿಗೆ ಇಡುವಂಥ ಕೆಲಸಗಳಿಗೆ, ಅಥವಾ ಮಗು ಮೊದಲ ಹೆಜ್ಜೆಗಳನ್ನು ಆಗಲೇ ಬಲ್ಲ ಕೆಲಸಗಳಿಗೆ, ಮೊದಲ ಹೆಜ್ಜೆಯಿಂದ ಕಲಿಸಿದರೂ ನಡೆಯುತ್ತದೆ. ಬಿಚ್ಚುವುದು ತೊಡುವುದಕ್ಕಿಂತ ಸುಲಭ, ಹಾಗಾಗಿ ಬಟ್ಟೆಯ ಪಾಠ ಕಾಲುಚೀಲ ಎಳೆದು ಬಿಸಾಡುವುದರಿಂದ ಶುರುವಾಗಲಿ.

ಕೈ, ಸನ್ನೆ, ಮಾತು: ಯಾವುದು ಮೊದಲು ಹೋಗಬೇಕು

ಸಹಾಯದಲ್ಲಿ ದರ್ಜೆಗಳಿವೆ. ಮಗುವಿನ ಕೈ ಮೇಲೆ ಕೈಯಿಟ್ಟು ಮಾಡಿಸುವುದು ಎಲ್ಲಕ್ಕಿಂತ ಹೆಚ್ಚಿನದು. ಮಣಿಕಟ್ಟು ಹಿಡಿಯುವುದು, ಮೊಣಕೈ ತಟ್ಟುವುದು, ಭುಜ ಮುಟ್ಟುವುದು ಕ್ರಮವಾಗಿ ಕಡಿಮೆ. ಬೆರಳು ತೋರಿಸುವುದು, ಚಿತ್ರ ತೋರಿಸುವುದು, ಮಾತಿನಲ್ಲಿ ಹೇಳುವುದು ಇನ್ನೊಂದು ಗುಂಪು. ಮಾತು ಎಲ್ಲಕ್ಕಿಂತ ಹಗುರವಾದ ಸಹಾಯ ಎಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ಕಿತ್ತು ತೆಗೆಯಲು ಅತಿ ಕಷ್ಟವಾದದ್ದು ಅದೇ. ಕೈಯನ್ನು ಮಣಿಕಟ್ಟಿನಿಂದ ಭುಜಕ್ಕೆ ಸರಿಸಬಹುದು, ಮಾತನ್ನು ಅರ್ಧ ಹೇಳಲು ಬರುವುದಿಲ್ಲ. ಮೇಲಾಗಿ ಅದು ಬಾಯಿಂದ ತಾನೇ ಹೊರಬೀಳುತ್ತದೆ, ನಾವು ಹೇಳಿದ್ದೇ ನಮಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಸ್ನಾನ, ಹಲ್ಲುಜ್ಜುವುದು, ಕೈ ತೊಳೆಯುವುದನ್ನು ಬಾಯಿ ಮುಚ್ಚಿಕೊಂಡು ಕಲಿಸಬೇಕು. ಶುರುವಿನಲ್ಲಿ ಒಂದೇ ಮಾತು, ‘ಪುಟ್ಟ, ಹಲ್ಲುಜ್ಜು’. ಆಮೇಲೆ ಮೌನ. ಮಗುವಿನ ಮುಂದೆ ನಿಲ್ಲದೆ ಹಿಂದೆ ನಿಲ್ಲಬೇಕು. ಮುಂದೆ ನಿಂತರೆ ಪ್ರತಿ ಹೆಜ್ಜೆಗೂ ಅದು ನಿಮ್ಮ ಮುಖ ನೋಡುತ್ತದೆ, ಆ ನೋಟವೂ ಕ್ರಮದ ಒಂದು ಭಾಗವಾಗಿ ಅಂಟಿಕೊಳ್ಳುತ್ತದೆ. ಹಿಂದಿನಿಂದ ಮುಟ್ಟುವ ಕೈ ಮಾತ್ರ ಮಗುವಿಗೆ ಗೊತ್ತಾಗಲಿ, ಕಣ್ಣು ಬ್ರಶ್ಶಿನ ಮೇಲೆಯೇ ಇರಲಿ.

ಹೊಸ ಹೆಜ್ಜೆಯನ್ನು ಮೊದಲ ಕೆಲವು ಸಲ ತಡವಿಲ್ಲದೆ ಮಾಡಿಸಿ, ತಪ್ಪುವುದಕ್ಕೆ ಅವಕಾಶವೇ ಇರದಂತೆ. ಆಮೇಲೆ ಎರಡು ಸೆಕೆಂಡು ಕಾದು ನೋಡಿ, ಆಮೇಲೆ ಐದು. ಐದು ಸೆಕೆಂಡು ಕೇಳಲು ಕಡಿಮೆ, ಕಾಯುವಾಗ ಬಹಳ. ಮನಸ್ಸಿನಲ್ಲಿ ಎಣಿಸದಿದ್ದರೆ ಯಾರೂ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಆ ಐದು ಸೆಕೆಂಡಿನಲ್ಲಿ ಮಗು ತಾನಾಗಿ ಕೈ ಚಾಚಿದರೆ ಅರ್ಧ ಕೆಲಸ ಆದಂತೆ. ಚಾಚದಿದ್ದರೆ ಹಿಂದಿನ ದರ್ಜೆಯ ಸಹಾಯ ಕೊಟ್ಟು ಮುಗಿಸಿ, ಬೈಯದೆ.

ಕೈ ಮೇಲೆ ಕೈಯಿಡುವ ವಿಷಯದಲ್ಲಿ ಒಂದು ಎಚ್ಚರಿಕೆ. ಮಗು ಕೈ ಎಳೆದುಕೊಂಡರೆ ಬಿಡಬೇಕು. ಬಲವಂತವಾಗಿ ಹಿಡಿದು ಮಾಡಿಸಿದರೆ ಮಗು ಕಲಿಯುವುದು ಹಲ್ಲುಜ್ಜುವುದನ್ನಲ್ಲ, ತನ್ನ ಮೈ ತನ್ನದಲ್ಲ ಎಂಬುದನ್ನು. ಅಂಥ ಮಕ್ಕಳಿಗೆ ನಿಮ್ಮ ಕೈ ಕೆಳಗಿರಲಿ, ಅದರ ಕೈ ಮೇಲಿರಲಿ. ನೀವು ಉಜ್ಜುತ್ತಿರುತ್ತೀರಿ, ಅದು ಜೊತೆಗೆ ಸವಾರಿ ಮಾಡುತ್ತಿರುತ್ತದೆ. ಬೇಡವಾದಾಗ ತೆಗೆಯುವ ಸ್ವಾತಂತ್ರ್ಯ ಅದಕ್ಕಿರುತ್ತದೆ.

ಮಾತಿನ ಜಾಗವನ್ನು ಚಿತ್ರ ತುಂಬಬಲ್ಲದು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮನಶ್ಶಾಸ್ತ್ರಜ್ಞ ಎರಿಕ್ ಶಾಪ್ಲರ್ ಆಟಿಸಂ ಇರುವವರಿಗಾಗಿ 1972ರಲ್ಲಿ ಕಟ್ಟಿದ ಟೀಚ್ (TEACCH) ಕಾರ್ಯಕ್ರಮ ಈ ದಾರಿಯನ್ನು ಬಳಕೆಗೆ ತಂದಿತು. ಕಣ್ಣಿಗೆ ಕಾಣುವಂತೆ ಕ್ರಮ ಜೋಡಿಸಿಟ್ಟರೆ ಮುಂದೇನು ಎಂದು ಹೇಳುವವರು ಬೇಕಾಗುವುದಿಲ್ಲ. ಮೊಬೈಲಿನಲ್ಲಿ ನಿಮ್ಮದೇ ಬಚ್ಚಲಿನ, ನಿಮ್ಮದೇ ಸೋಪಿನ ಫೋಟೋ ತೆಗೆಯಿರಿ. ಮಗುವಿನ ಕಣ್ಣೆತ್ತರಕ್ಕೆ ಕುಳಿತು ತೆಗೆಯಿರಿ. ಪ್ರಿಂಟ್ ಮಾಡಿಸಿ ಲ್ಯಾಮಿನೇಟ್ ಮಾಡಿ ಅದೇ ಎತ್ತರದಲ್ಲಿ ಅಂಟಿಸಿ. ಮುಗಿದ ಹೆಜ್ಜೆಯ ಕಾರ್ಡನ್ನು ಕಿತ್ತು ಕೆಳಗಿನ ಡಬ್ಬಿಗೆ ಹಾಕುವಂತಿರಲಿ. ಆದರೆ ಸೋಪಿನ ಫೋಟೋ ಕೊಟ್ಟು ಸೋಪು ತರಲು ಹೇಳಿದರೆ ತಾರದ ಮಗುವಿಗೆ ಫೋಟೋ ಇನ್ನೂ ಅರ್ಥವಾಗುತ್ತಿಲ್ಲ. ಅಂಥವರಿಗೆ ನಿಜವಾದ ಸಾಮಾನುಗಳನ್ನೇ ಎಡದಿಂದ ಬಲಕ್ಕೆ ಸಾಲಾಗಿ ಇಡಿ. ಬ್ರಶ್, ಪೇಸ್ಟ್, ಲೋಟ, ಟವೆಲ್. ಸಾಲು ಮುಗಿದರೆ ಕೆಲಸ ಮುಗಿಯಿತು.

ಇನಾಮು ಯಾವುದಾದರೂ ಸರಿ, ಚಿಕ್ಕದಿರಲಿ, ತಕ್ಷಣ ಸಿಗಲಿ. ಸಂಜೆ ಪಾರ್ಕಿಗೆ ಕರೆದೊಯ್ಯುವ ಮಾತು ಬೆಳಗಿನ ಬ್ರಶ್ಶಿಗೆ ತಗಲುವುದಿಲ್ಲ. ಅಳುತ್ತಿರುವಾಗ ತೋರಿಸುವ ಚಾಕೊಲೇಟು ಇನಾಮಲ್ಲ, ಲಂಚ. ಅಳುವುದಕ್ಕೇ ಅದು ಸಿಗುತ್ತದೆ ಎಂದು ಮಗು ಸರಿಯಾಗಿಯೇ ಲೆಕ್ಕ ಹಾಕುತ್ತದೆ.

ಇನ್ನು ಹೊತ್ತು. ಏಳೂವರೆಗೆ ಸ್ಕೂಲ್ ವ್ಯಾನ್ ಬರುವ ಮನೆಯಲ್ಲಿ ಏಳು ಗಂಟೆಗೆ ಏನನ್ನೂ ಕಲಿಸಲು ಆಗದು. ಬೆಳಿಗ್ಗೆ ಒಂದೇ ಹೆಜ್ಜೆಯನ್ನು ಮಗುವಿಗೆ ಬಿಟ್ಟು ಉಳಿದದ್ದನ್ನು ನಾಚಿಕೆಯಿಲ್ಲದೆ ನೀವೇ ಮುಗಿಸಿ. ಪೂರ್ತಿ ಪಾಠ ಸಂಜೆಗೆ, ಭಾನುವಾರಕ್ಕೆ.

ಹಲ್ಲುಜ್ಜುವುದು

ಇಲ್ಲಿ ಎರಡು ಪ್ರತ್ಯೇಕ ಕೆಲಸಗಳಿವೆ: ಬಾಯೊಳಗೆ ಬ್ರಶ್ಶನ್ನು ಸಹಿಸುವುದು, ಮತ್ತು ತಾನೇ ಉಜ್ಜುವುದು. ಮೊದಲನೆಯದು ಆಗದೆ ಎರಡನೆಯದಕ್ಕೆ ಕೈ ಹಾಕಬಾರದು.

ಸಹಿಸಲು ಕಲಿಸುವಾಗ ಪೇಸ್ಟ್ ಬೇಡ. ಚಿಕ್ಕ ತಲೆಯ ಮೆತ್ತನೆ ಬ್ರಶ್ ನೀರಿನಲ್ಲಿ ಅದ್ದಿ ತುಟಿಗೆ ಮುಟ್ಟಿಸಿ, ಜೋರಾಗಿ ಮೂರರವರೆಗೆ ಎಣಿಸಿ, ತೆಗೆದುಬಿಡಿ. ಮೂರು ಅಂದಮೇಲೆ ನಿಲ್ಲುತ್ತದೆ ಎಂಬ ನಂಬಿಕೆ ಹುಟ್ಟಬೇಕು. ಆದ್ದರಿಂದ ಮಗು ಚೆನ್ನಾಗಿ ಬಾಯಿ ತೆರೆದಿದೆ ಎಂದು ‘ಇನ್ನೊಂಚೂರು’ ಅನ್ನಬೇಡಿ. ಇಲ್ಲಿ ಎಲ್ಲ ಕೆಡುವುದು ಆ ಇನ್ನೊಂಚೂರಿನಿಂದಲೇ. ತುಟಿ ಒಗ್ಗಿದ ಮೇಲೆ ಮುಂದಿನ ಹಲ್ಲು, ಆಮೇಲೆ ಪಕ್ಕದ್ದು, ಕೊನೆಗೆ ಒಳಗಿನ ದವಡೆ. ಎಣಿಕೆ ಐದಕ್ಕೆ, ಹತ್ತಕ್ಕೆ ಏರಲಿ. ನಾಲಿಗೆಯ ಹಿಂಭಾಗಕ್ಕೆ ತಗುಲಿ ವಾಕರಿಕೆ ಬಂದರೆ ವಾರಗಟ್ಟಲೆ ಹಿಂದಕ್ಕೆ ಹೋದಂತೆ, ಅಲ್ಲಿಗೆ ಆತುರ ಪಡಬೇಡಿ.

ಪೇಸ್ಟಿನ ಪ್ರಮಾಣ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರಕ್ಕೆ ಬಟಾಣಿಯಷ್ಟು. ಉಗುಳಲು ಬಾರದ ಮಗು ದೊಡ್ಡದಾಗಿದ್ದರೂ ಅಕ್ಕಿಕಾಳಿನ ಲೆಕ್ಕವೇ ಸುರಕ್ಷಿತ. ಪುದೀನ ಆಗದವರಿಗೆ ರುಚಿಯಿಲ್ಲದ, ನೊರೆ ಬಾರದ ಪೇಸ್ಟುಗಳು ಸಿಗುತ್ತವೆ. ಕೊಳ್ಳುವಾಗ ಅದರಲ್ಲಿ ಫ್ಲೋರೈಡ್ ಇದೆಯೇ ಎಂದು ನೋಡಿಕೊಳ್ಳಿ. ಉಗುಳುವುದನ್ನು ಹಲ್ಲುಜ್ಜುವ ಹೊತ್ತಿನಲ್ಲಿ ಕಲಿಸಲು ಹೋಗಬೇಡಿ. ಅಂಗಳದಲ್ಲಿ, ಬರೀ ನೀರಿನಲ್ಲಿ, ಗಿಡದ ಬುಡಕ್ಕೆ ಪಿಚಕಾರಿ ಆಟವಾಗಿ ಕಲಿಸಿದರೆ ಬೇಗ ಬರುತ್ತದೆ.

ತಾನೇ ಉಜ್ಜುವಾಗ ಮಕ್ಕಳು ಸಾಮಾನ್ಯವಾಗಿ ಒಂದೇ ಕಡೆ ಉಜ್ಜುತ್ತಾರೆ ಅಥವಾ ಬ್ರಶ್ ಕಚ್ಚಿಕೊಂಡು ನಿಲ್ಲುತ್ತಾರೆ. ಬಾಯಿಯನ್ನು ಆರು ಭಾಗ ಮಾಡಿ, ಮೇಲೆ ಮೂರು ಕೆಳಗೆ ಮೂರು, ಪ್ರತಿ ಭಾಗಕ್ಕೆ ಹತ್ತು ಸಲ ಎಂದಿಟ್ಟುಕೊಳ್ಳಿ. ಹಿಡಿ ತೆಳ್ಳಗಿದ್ದು ಜಾರಿದರೆ ಹಳೆಯ ಸೈಕಲ್ ಹ್ಯಾಂಡಲ್ ಗ್ರಿಪ್ ಅಥವಾ ಬಟ್ಟೆ ಸುತ್ತಿ ದಪ್ಪ ಮಾಡಿ. ಮಗು ಮುಗಿಸಿದ ಮೇಲೆ ದೊಡ್ಡವರು ಒಂದು ಸುತ್ತು ಉಜ್ಜುವುದು ಏಳೆಂಟು ವರ್ಷದವರೆಗೆ ಯಾವ ಮಗುವಿಗಾದರೂ ಬೇಕು. ಅದನ್ನು ಸೋಲೆಂದು ತಿಳಿಯಬೇಡಿ.

ಬಕೆಟ್ ಸ್ನಾನ

ನಮ್ಮ ಬಕೆಟ್ ಮತ್ತು ಮಗ್ ಆಟಿಸಂ ಇರುವ ಮಗುವಿಗೆ ಶವರಿಗಿಂತ ಅನುಕೂಲ. ನೀರು ಯಾವಾಗ ಬೀಳುತ್ತದೆ ಎಂಬುದು ಮಗುವಿನ ಕೈಯಲ್ಲೇ ಇರುತ್ತದೆ. ಬಕೆಟ್ ಖಾಲಿಯಾಗುವುದು ಕಾಣುವುದರಿಂದ ಸ್ನಾನ ಯಾವಾಗ ಮುಗಿಯಿತು ಎಂಬುದೂ ತಿಳಿಯುತ್ತದೆ. ‘ಸಾಕು’, ‘ಚೆನ್ನಾಗಿ’, ‘ಸ್ವಲ್ಪ’ ಎಂಬ ಮಾತುಗಳು ಈ ಮಕ್ಕಳಿಗೆ ಬರೀ ಗಾಳಿ. ಎಣಿಕೆ ಕೊಡಿ: ಎಡ ಭುಜಕ್ಕೆ ಎರಡು ಮಗ್, ಬಲಕ್ಕೆ ಎರಡು, ಎದೆಗೆ ಎರಡು, ಬೆನ್ನಿಗೆ ಎರಡು. ಅರ್ಧ ಲೀಟರಿನ ಮಗ್ ಸಾಕು, ದೊಡ್ಡದನ್ನು ಎತ್ತಲು ಕೈ ಸೋಲುತ್ತದೆ.

ಸೋಪಿನ ಬಿಲ್ಲೆ ಜಾರುತ್ತದೆ, ಜಾರಿದ ಸೋಪನ್ನು ಹುಡುಕುವಷ್ಟರಲ್ಲಿ ಮಗು ಎಲ್ಲಿದ್ದೆ ಎಂಬುದನ್ನು ಮರೆಯುತ್ತದೆ. ಹಳೆಯ ಕಾಲುಚೀಲದೊಳಗೆ ಸೋಪು ಹಾಕಿ ಬಾಯಿ ಕಟ್ಟಿದರೆ ಹಿಡಿತವೂ ಸಿಗುತ್ತದೆ, ಉಜ್ಜುವ ಬಟ್ಟೆಯೂ ಅದೇ ಆಗುತ್ತದೆ. ಉಜ್ಜುವ ಕ್ರಮ ಮೇಲಿಂದ ಕೆಳಗೆ, ಪ್ರತಿದಿನ ಅದೇ: ಕುತ್ತಿಗೆ, ಎಡಗೈ, ಬಲಗೈ, ಕಂಕುಳು, ಎದೆ, ಹೊಟ್ಟೆ, ತೊಡೆಸಂದಿ, ಎಡಗಾಲು, ಬಲಗಾಲು. ಬೆನ್ನುಜ್ಜುವುದನ್ನು ಎಲ್ಲಕ್ಕಿಂತ ಕೊನೆಗೆ ಕಲಿಸಿ. ತಲೆಗೆ ನೀರು ಹಾಕುವಾಗ ಕತ್ತು ಹಿಂದಕ್ಕೆ ಬಾಗಿಸಿದರೆ ಕೆಲವರಿಗೆ ಬಿದ್ದೇ ಹೋದಂತಾಗುತ್ತದೆ. ಮುಂದಕ್ಕೆ ಬಾಗಿ, ಹಣೆಗೆ ಒಣ ಟವೆಲ್ ಒತ್ತಿಕೊಂಡರೆ ಕಿರುಚಾಟ ಅರ್ಧ ಇಳಿಯುತ್ತದೆ.

ಬಿಸಿನೀರಿನ ವಿಷಯದಲ್ಲಿ ರಾಜಿ ಬೇಡ. ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮಗುವಿಗೆ ಕಲಿಸುವಾಗಲೂ ಇದೇ ಕ್ರಮ. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಬಿಸಿ ತಿಳಿಯದ ಮಗು ಕೈ ಎಳೆದುಕೊಳ್ಳುವುದಿಲ್ಲ. ಗೀಸರಿನ ಗುಂಡಿಯನ್ನು 50ಕ್ಕಿಂತ ಕೆಳಗಿಡಿ. ಹಂಡೆಯಲ್ಲಿ ನೀರು ಕಾಯಿಸುವ ಮನೆಗಳಲ್ಲಿ ಬಿಸಿನೀರು ಬೆರೆಸುವುದನ್ನು ಮಗುವಿನ ಪಟ್ಟಿಯಿಂದಲೇ ತೆಗೆಯಿರಿ. ಹದ ಮಾಡಿದ ಬಕೆಟ್ ಸಿಕ್ಕ ಮೇಲೆ ಉಳಿದದ್ದೆಲ್ಲ ತಾನೇ ಮಾಡಿದರೂ ಅದು ಸ್ವತಂತ್ರ ಸ್ನಾನವೇ. ಅಪಸ್ಮಾರ (ಮೂರ್ಛೆರೋಗ) ಇರುವ ಮಗುವಿನ ಬಚ್ಚಲಿಗೆ ಒಳಗಿನ ಚಿಲಕ ಬೇಡ.

ಶೌಚ

ಮನೆಮಂದಿಯನ್ನು ಹೆಚ್ಚು ದಣಿಸುವುದು ಇದು. ಮೊದಲು ಮಲಬದ್ಧತೆ ಇದೆಯೇ ಎಂದು ಮಕ್ಕಳ ವೈದ್ಯರಲ್ಲಿ ತೋರಿಸಿ. ಆಟಿಸಂ ಇರುವ ಮಕ್ಕಳಲ್ಲಿ ಅದು ಹೆಚ್ಚು. ಗಟ್ಟಿ ಮಲದ ಸುತ್ತ ತೆಳ್ಳಗೆ ಸೋರುವುದನ್ನು ಮನೆಯವರು ಭೇದಿ ಎಂದೋ, ಮೊಂಡುತನ ಎಂದೋ ತಿಳಿದುಬಿಡುತ್ತಾರೆ. ಒಮ್ಮೆ ನೋವುಂಡ ಮಗು ಕೂರಲು ಒಪ್ಪುವುದಿಲ್ಲ. ಹೊಟ್ಟೆ ಸರಿಯಾಗದೆ ಯಾವ ಚಾರ್ಟೂ ಕೆಲಸ ಮಾಡುವುದಿಲ್ಲ.

ಆಮೇಲೆ ಲೆಕ್ಕ. ನಾಲ್ಕೈದು ದಿನ, ಅರ್ಧ ಗಂಟೆಗೊಮ್ಮೆ ಒಣಗಿದೆಯೋ ಒದ್ದೆಯೋ ಎಂದು ಬರೆದಿಡಿ. ಒಂದೂವರೆ ಗಂಟೆಗೊಮ್ಮೆ ಒದ್ದೆಯಾಗುತ್ತಿದ್ದರೆ ಒಂದೂಕಾಲು ಗಂಟೆಗೆ ಕೂರಿಸಿ. ಹದಿನೈದು ನಿಮಿಷಕ್ಕೊಮ್ಮೆ ಒದ್ದೆಯಾಗುವ ಮಗು ಇನ್ನೂ ಸಿದ್ಧವಾಗಿಲ್ಲ, ಕೆಲವು ತಿಂಗಳು ಬಿಟ್ಟು ನೋಡಿ. ಹಗಲು ಡಯಾಪರ್ ತೆಗೆದು ಹತ್ತಿ ಚಡ್ಡಿ ಹಾಕಿ. ಡಯಾಪರ್ ಒದ್ದೆಯನ್ನೇ ಮುಚ್ಚಿಡುವುದರಿಂದ ಕಾರಣಕ್ಕೂ ಪರಿಣಾಮಕ್ಕೂ ನಂಟೇ ಸಿಗುವುದಿಲ್ಲ. ಕೂರುವುದು ಐದು ನಿಮಿಷ ಮೀರಬಾರದು. ಮಲಕ್ಕೆ ಊಟವಾದ ಹದಿನೈದರಿಂದ ಮೂವತ್ತು ನಿಮಿಷದೊಳಗೆ ಕೂರಿಸುವುದು ಒಳ್ಳೆಯದು, ಹೊಟ್ಟೆ ತುಂಬಿದಾಗ ಕರುಳು ತಾನಾಗಿ ಚುರುಕಾಗುತ್ತದೆ. ಕಮೋಡಿನಲ್ಲಿ ಕಾಲು ಜೋತಾಡಬಾರದು. ಪಾದದ ಕೆಳಗೆ ಮಣೆ ಅಥವಾ ಸ್ಟೂಲಿಟ್ಟರೆ ಮೊಣಕಾಲು ಸೊಂಟಕ್ಕಿಂತ ಕೊಂಚ ಮೇಲೆ ಬರುತ್ತದೆ, ಮುಕ್ಕಲು ಬಲ ಸಿಗುತ್ತದೆ. ಇಂಡಿಯನ್ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂರಲಾಗದ ಮಗುವಿಗೆ ಗೋಡೆಗೊಂದು ಹಿಡಿ ಹಾಕಿಸಿ. ಶಾಲೆಯಲ್ಲಿರುವುದು ಸಾಮಾನ್ಯವಾಗಿ ಅದೇ ಆದ್ದರಿಂದ ಎಂದಾದರೂ ಎರಡೂ ಕಲಿಯಬೇಕಾಗುತ್ತದೆ.

‘ಸುಸ್ಸು ಬಂತಾ?’ ಎಂದು ಕೇಳಬೇಡಿ. ಮಾತನ್ನು ಮರುನುಡಿಯುವ ಮಗು ‘ಬಂತಾ’ ಅನ್ನುತ್ತದೆ, ಇನ್ನೊಂದು ಮಗು ಅಭ್ಯಾಸಬಲದಿಂದ ‘ಇಲ್ಲ’ ಅನ್ನುತ್ತದೆ. ಎರಡರಿಂದಲೂ ನಿಮಗೆ ಏನೂ ತಿಳಿಯುವುದಿಲ್ಲ. ‘ಸುಸ್ಸು ಹೊತ್ತು’ ಎಂದು ಹೇಳಿ, ಕಾರ್ಡ್ ಕೈಗೆ ಕೊಟ್ಟು ಕರೆದೊಯ್ಯಿರಿ. ಕಾರ್ಡ್ ಕೊಟ್ಟು ಬಾಗಿಲು ದಾಟುವುದು ಪ್ರತಿ ಸಲ ನಡೆದರೆ ಮುಂದೊಮ್ಮೆ ಮಗುವೇ ಕಾರ್ಡ್ ತಂದು ಕೊಡುತ್ತದೆ. ಮಾತಿಲ್ಲದ ಮಗುವಿಗೆ ಕೇಳುವ ದಾರಿ ಅದು. ಅಜ್ಜಿ ಒಂದು ಪದ, ಟೀಚರ್ ಇನ್ನೊಂದು ಪದ ಬಳಸಿದರೆ ಕಲಿಕೆ ಎಳೆದಾಡುತ್ತದೆ, ಆದ್ದರಿಂದ ಎಲ್ಲರೂ ಕೂತು ಒಂದನ್ನೇ ಗೊತ್ತು ಮಾಡಿಕೊಳ್ಳಿ.

ಡಯಾಪರಿನಲ್ಲೇ ಮಲ ಮಾಡುತ್ತೇನೆ ಎಂದು ಹಟ ಹಿಡಿಯುವ ಮಕ್ಕಳಿದ್ದಾರೆ. ಬಿಗಿ ಅಪ್ಪುಗೆಯಂಥ ಆ ಒತ್ತಡವಿಲ್ಲದೆ ಅವರಿಗೆ ಆಗುವುದೇ ಇಲ್ಲ. ಒಮ್ಮೆಲೇ ಕಿತ್ತುಕೊಂಡರೆ ಮಲ ತಡೆಹಿಡಿಯುತ್ತಾರೆ, ಮಲಬದ್ಧತೆ ಮರಳುತ್ತದೆ. ಜಾಗವನ್ನು ಮೊದಲು ಬದಲಿಸಿ, ಡಯಾಪರನ್ನು ಕೊನೆಗೆ. ಡಯಾಪರ್ ಹಾಕಿಕೊಂಡೇ ಕಕ್ಕಸಿನೊಳಗೆ ನಿಂತು ಮಾಡಲಿ. ಆಮೇಲೆ ಮುಚ್ಚಿದ ಕಮೋಡಿನ ಮೇಲೆ ಕೂತು, ಆಮೇಲೆ ತೆರೆದ ಕಮೋಡಿನ ಮೇಲೆ ಕೂತು. ಆಮೇಲೆ ಡಯಾಪರಿನ ಅಂಟು ಸಡಿಲ ಮಾಡಿ, ಅಡಿಯಲ್ಲಿ ತೂತು ಕತ್ತರಿಸಿ, ತೂತು ದೊಡ್ಡದು ಮಾಡುತ್ತಾ ಬನ್ನಿ. ಕೊನೆಗೆ ಸೊಂಟದ ಪಟ್ಟಿ ಮಾತ್ರ ಉಳಿಯುತ್ತದೆ, ಅದೂ ಒಂದು ದಿನ ಬೇಡವಾಗುತ್ತದೆ. ಪ್ರತಿ ಹೆಜ್ಜೆಗೂ ಒಂದು ವಾರವಾದರೂ ಹಿಡಿಯುತ್ತದೆ. ಫ್ಲಶ್ ಹೆದರಿಕೆಗೂ ಇದೇ ನಿಧಾನ. ಮಗು ಹೊರಹೋದ ಮೇಲೆ ನೀವು ಒತ್ತಿ, ಆಮೇಲೆ ಅದು ಬಾಗಿಲಲ್ಲಿ ನಿಂತಾಗ, ಕೊನೆಗೆ ಅದರ ಬೆರಳಿಂದಲೇ.

ಚಡ್ಡಿ ಒದ್ದೆಯಾದರೆ ಬೈಗುಳವೂ ಬೇಡ, ಉಪದೇಶವೂ ಬೇಡ. ಮುಖದಲ್ಲಿ ಏನೂ ತೋರಿಸದೆ ಬದಲಿಸಿ. 1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಜ್ರಿನ್ ಮತ್ತು ಫಾಕ್ಸ್ ಪ್ರಕಟಿಸಿದ ಶೀಘ್ರ ಶೌಚ ತರಬೇತಿಯೇ ಇಂದಿನ ಬಹುತೇಕ ವಿಧಾನಗಳ ಮೂಲ. ಹೆಚ್ಚು ನೀರು ಕುಡಿಸುವುದು, ಹೊತ್ತಿಗೆ ಸರಿಯಾಗಿ ಕೂರಿಸುವುದು, ಒಣಗಿದ್ದರೆ ಇನಾಮು ಕೊಡುವುದು ಅಲ್ಲಿಂದ ಬಂದವು. ಅದರಲ್ಲಿ ಗದರಿಕೆಯೂ, ಒದ್ದೆಯಾದಾಗ ಶಿಕ್ಷೆಯ ಹಾಗೆ ತೊಳೆಸುವುದೂ ಇದ್ದವು. ಈಗಿನ ಹೆಚ್ಚಿನ ರೂಪಗಳು ಅವನ್ನು ಕೈಬಿಟ್ಟಿವೆ, ನಮ್ಮ ಅನೇಕ ಮನೆಗಳು ಬಿಟ್ಟಿಲ್ಲ. ರಾತ್ರಿಯ ಒದ್ದೆ ಬೇರೆಯೇ ವಿಷಯ. ಅದು ದೇಹ ಬಲಿತ ಮೇಲೆ ನಿಲ್ಲುತ್ತದೆ, ಹಗಲಿನ ಪಾಠಕ್ಕೆ ಅದನ್ನು ಜೋಡಿಸಬೇಡಿ.

ತೊಳೆದುಕೊಳ್ಳುವುದು ಎಲ್ಲಕ್ಕಿಂತ ತಡವಾಗಿ ಬರುತ್ತದೆ, ಕಣ್ಣಿಗೆ ಕಾಣದ ಜಾಗದ ಕೆಲಸ ಅದು. ಮೊದಲು ಮೊಣಕಾಲಿಗೆ ಕಲಸಿದ ಹಿಟ್ಟು ಹಚ್ಚಿ, ಬಲಗೈಯಲ್ಲಿ ಮಗ್, ಎಡಗೈಯಲ್ಲಿ ಉಜ್ಜುವುದನ್ನು ನೋಡಿಕೊಂಡೇ ಅಭ್ಯಾಸ ಮಾಡಿಸಿ. ಆಮೇಲೆ ಪಿರ್ರೆಯ ಮೇಲೆ. ಎರಡು ಕೈ ಎರಡು ಕೆಲಸ ಮಾಡುವುದು ಕಷ್ಟವಾದವರಿಗೆ ಹೆಲ್ತ್ ಫಾಸೆಟ್ (ಕಮೋಡಿನ ಪಕ್ಕದ ಕೈಪಿಚಕಾರಿ) ಸುಲಭ, ಆದರೆ ನೀರಿನ ವೇಗವನ್ನು ಮೊದಲೇ ತಗ್ಗಿಸಿಡಿ. ‘ನಾಲ್ಕು ಮಗ್, ಹತ್ತು ಸಲ ಉಜ್ಜು’ ಎಂಬ ಎಣಿಕೆಯೇ ಇಲ್ಲೂ ಕೈಹಿಡಿಯುವುದು.

ಊಟ, ಬಟ್ಟೆ, ಉಗುರು

ಕೈಯಲ್ಲಿ ತಿನ್ನಲು ಇಡ್ಲಿ, ದೋಸೆ ತುಂಡುಗಳಿಂದ ಶುರು ಮಾಡಿ. ಚಪಾತಿ ಹರಿಯಲು ಮೊದಲು ಎರಡೂ ಕೈ ಬಳಸಲಿ. ಸಾರು ಅನ್ನ ಕಲಸಿ ತುತ್ತು ಮಾಡುವುದು ಅತಿ ಕಷ್ಟ, ಅಂಟುವ ಮೊಸರನ್ನ ಅದಕ್ಕಿಂತ ಸುಲಭ. ಬೆರಳಿಗೆ ಅಂಟುವುದೇ ಆಗದ ಮಗುವಿಗೆ ಚಮಚ ಕೊಡಿ, ಅದರಲ್ಲಿ ಅವಮಾನವಿಲ್ಲ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ.

ಬಟ್ಟೆಯಲ್ಲಿ ಲಾಡಿ ಬೇಡ, ಎಲಾಸ್ಟಿಕ್ ಇರಲಿ. ಚುಚ್ಚುವ ಲೇಬಲ್ಲನ್ನು ಹೊಲಿಗೆಸಮೇತ ಬಿಚ್ಚಿ ತೆಗೆದು ಆ ಜಾಗಕ್ಕೆ ಬಣ್ಣದ ದಾರದ ಗುರುತು ಹಾಕಿ, ಹಿಂಭಾಗ ಯಾವುದೆಂದು ತಿಳಿಯುತ್ತದೆ. ಗುಂಡಿಯ ಅಭ್ಯಾಸ ಎರಡು ಸೆಂಟಿಮೀಟರಿಗಿಂತ ದೊಡ್ಡ ಗುಂಡಿಯಲ್ಲಿ, ಮೇಜಿನ ಮೇಲಿಟ್ಟ ಅಂಗಿಯಲ್ಲಿ ನಡೆಯಲಿ. ಉಗುರನ್ನು ಸ್ನಾನವಾದ ಕೂಡಲೇ, ಮೆತ್ತಗಿದ್ದಾಗ, ದಿನಕ್ಕೊಂದು ಬೆರಳಿನಂತೆ ಕತ್ತರಿಸಿದರೂ ಹತ್ತು ದಿನದಲ್ಲಿ ಕೈ ಮುಗಿಯುತ್ತದೆ.

ಹದಿಹರೆಯಕ್ಕೆ ಮುಂಚೆ

ಮುಟ್ಟು ಬರುವ ತನಕ ಕಾಯಬೇಡಿ. ಎಂಟೊಂಬತ್ತು ವಯಸ್ಸಿಗೇ ಪ್ಯಾಡ್ ಹಚ್ಚಿಕೊಂಡು ಒಂದು ಗಂಟೆ ಕೂರುವ ಅಭ್ಯಾಸವಾದರೆ ಆ ಅಂಟು, ಆ ದಪ್ಪ ಹೊಸತೆನಿಸುವುದಿಲ್ಲ. ಚಡ್ಡಿಯೊಳಗೆ ಪ್ಯಾಡಿನ ಆಕಾರವನ್ನು ಅಳಿಯದ ಪೆನ್ನಿನಲ್ಲಿ ಗೀಚಿಡಿ, ಎಲ್ಲಿ ಅಂಟಿಸಬೇಕೆಂದು ಅದೇ ತೋರಿಸುತ್ತದೆ. ಕೆಂಪು ಬಣ್ಣದ ನೀರು ಹಾಕಿದ ಪ್ಯಾಡ್ ತೆಗೆದು, ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಕೈ ತೊಳೆಯುವ ಕ್ರಮವನ್ನು ಅಭ್ಯಾಸ ಮಾಡಿಸಿ. ‘ತುಂಬಿದಾಗ ಬದಲಿಸು’ ಎಂಬುದು ಅಸ್ಪಷ್ಟ, ನಾಲ್ಕೈದು ಗಂಟೆಗೊಮ್ಮೆ ಎಂದು ಗಡಿಯಾರಕ್ಕೆ ಕಟ್ಟಿ.

ಗಂಡಾಗಲಿ ಹೆಣ್ಣಾಗಲಿ, ಬಚ್ಚಲಿನ ಬಾಗಿಲು ಹಾಕುವುದು ಮೊದಲ ದಿನದಿಂದ ಕ್ರಮದ ಭಾಗವಾಗಿರಲಿ. ನಾಲ್ಕು ವರ್ಷದಲ್ಲಿ ನಡುಮನೆಯಲ್ಲಿ ಬಟ್ಟೆ ಬಿಚ್ಚುವ ಮಗು ಹದಿನಾಲ್ಕರಲ್ಲೂ ಅಲ್ಲೇ ಬಿಚ್ಚುತ್ತದೆ, ಕಲಿತದ್ದು ಅದನ್ನೇ ತಾನೆ? ಸ್ನಾನಕ್ಕೆ ಸಹಾಯ ಮಾಡಬಹುದಾದವರ ಫೋಟೋಗಳು ಎರಡೋ ಮೂರೋ ಇರಲಿ, ಬೇರೆಯವರಿಗೆ ‘ಬೇಡ’ ಅನ್ನುವುದನ್ನೂ ಒಂದು ಕೌಶಲವಾಗಿ ಕಲಿಸಿ. ಎಲ್ಲರ ಕೈಗೂ ಮೈಯೊಪ್ಪಿಸುವ ಮಗುವನ್ನು ಶಾಂತ ಸ್ವಭಾವ ಎಂದು ಮೆಚ್ಚಿಕೊಳ್ಳುವುದು ಅಪಾಯ. ತಾನೇ ತೊಳೆದುಕೊಳ್ಳಬಲ್ಲ ಮಗುವನ್ನು ಮುಟ್ಟಲು ಯಾರಿಗೂ ನೆಪವಿರುವುದಿಲ್ಲ.

ಕಲಿತದ್ದು ಊರು ಬದಲಾದಾಗ

ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಸಾಕು: ತಾನಾಗಿ ಮಾಡಿದರೆ ಒಂದು, ಸಹಾಯದಿಂದಾದರೆ ಇನ್ನೊಂದು. ಎರಡು ವಾರ ಗುರುತು ಬದಲಾಗದಿದ್ದರೆ ಮಗುವನ್ನು ದೂರುವ ಮೊದಲು ಹೆಜ್ಜೆ ದೊಡ್ಡದಾಯಿತೇ, ಇನಾಮು ಸಪ್ಪೆಯಾಯಿತೇ, ಬಾಯಿ ಮತ್ತೆ ಮಾತಾಡುತ್ತಿದೆಯೇ ಎಂದು ನೋಡಿ. ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ಕೌಶಲ ಹಿಡಿಯಬೇಡಿ.

ಮನೆಯಲ್ಲೇ ಸಿಕ್ಕು ಬಿಡಿಸಲಾಗದಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ಕಲಿಸುವ ತಜ್ಞರು, ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗನೆ ನೆರವಾಗುವ ಶೀಘ್ರ ಮಧ್ಯಸ್ಥಿಕೆ ಕೇಂದ್ರ (ಡಿಇಐಸಿ), ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿ ಕನ್ನಡದಲ್ಲೇ ಮಾತಾಡಿ ತೋರಿಸಿಕೊಳ್ಳಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿಗೂ ಅದರಲ್ಲಿ ಒಂದು ಪಾಲಿದೆ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ತಾನೇ ಸ್ನಾನ ಮಾಡುವ ಮಗು ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದಾಗ ಮೊದಲ ದಿನ ಏನೂ ಬಾರದಂತೆ ನಿಲ್ಲುತ್ತದೆ. ನಲ್ಲಿ ಬೇರೆ, ಬೆಳಕು ಬೇರೆ, ನೀರಿನ ವಾಸನೆ ಬೇರೆ. ಕೌಶಲ ಮರೆತಿಲ್ಲ, ಅದು ಆ ಒಂದು ಬಚ್ಚಲಿಗೆ ಅಂಟಿಕೊಂಡಿದೆ. ಹೊರಡುವ ತಿಂಗಳ ಮೊದಲೇ ಮನೆಯಲ್ಲಿ ಮಗ್ಗಿನ ಬಣ್ಣ, ಸೋಪಿನ ಬ್ರ್ಯಾಂಡು, ಸ್ನಾನದ ಹೊತ್ತು ಒಂದೊಂದಾಗಿ ಬದಲಿಸ್ತಾ ಬನ್ನಿ. ಊರಿನ ಬಚ್ಚಲಿನ ಫೋಟೋ ತರಿಸಿಕೊಂಡು ತೋರಿಸಿ. ಅದೇ ಕಾಲುಚೀಲದ ಸೋಪು, ಅದೇ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ಮೊದಲ ಎರಡು ದಿನ ಒಂದು ದರ್ಜೆ ಹೆಚ್ಚು ಸಹಾಯ ಕೊಟ್ಟು, ಮೂರನೆಯ ದಿನದಿಂದ ಹಿಂದಕ್ಕೆ ತೆಗೆಯಿರಿ. ಮತ್ತು ಅಜ್ಜಿಗೆ ಮೊದಲೇ ಹೇಳಿಡಿ: ಮಗು ಮಗ್ ಹಿಡಿದು ನಿಂತರೆ ಐದು ಎಣಿಸುವ ತನಕ ಏನೂ ಹೇಳಬೇಡಿ ಅಂತ.